ಮಧುನಾಶಿನಿ ಎಲೆ ಮತ್ತು ನನ್ನ ಗಾಜಿನ ನಳಿಕೆ

ಮಧುನಾಶಿನಿಯ ಎರಡು ಎಲೆ ಚೆನ್ನಾಗಿ ಅಗಿದು, ರಸವನ್ನು ನಾಲಿಗೆಯ ತುಂಬ ಆಡಿಸಿ ಉಗುಳಿ, ಆಮೇಲೆ ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಮರಳು ತಿಂದ ಹಾಗಾಗುತ್ತದೆ. ಬೆಲ್ಲ ಮಣ್ಣಿನ ಹೆಂಟೆ, ಪೇಡೆ ಹಸಿ ಹಿಟ್ಟಿನ ಮುದ್ದೆ. ಉಪ್ಪು, ಹುಳಿ, ಖಾರ ಎಲ್ಲ ಇದ್ದ ಹಾಗೆಯೇ ಇರುತ್ತವೆ, ಸಿಹಿಯೊಂದೇ ಕಾಣೆ. ಅರ್ಧ ಗಂಟೆ, ಕೆಲವರಿಗೆ ಇನ್ನೂ ಸ್ವಲ್ಪ ಹೊತ್ತು. ಆಮೇಲೆ ನಾಲಿಗೆ ಮೊದಲಿನಂತಾಗುತ್ತದೆ.

ಇದರಲ್ಲಿ ಪವಾಡವೇನೂ ಇಲ್ಲ. ಆ ಎಲೆಯಲ್ಲಿ ಜಿಮ್ನೆಮಿಕ್ ಆಮ್ಲ ಎಂಬ ಪದಾರ್ಥಗಳ ಒಂದು ಗುಂಪಿದೆ. ಸೀಗೆಕಾಯಿ, ಅಂಟವಾಳ ಯಾವ ಜಾತಿಯ ವಸ್ತುವಿನಿಂದ ನೊರೆ ಕೊಡುತ್ತವೆಯೋ ಇದೂ ಅದೇ ಜಾತಿ. ಎಲೆಯ ಕಷಾಯವನ್ನು ಸೀಸೆಗೆ ಹಾಕಿ ಕುಲುಕಿದರೆ ನೊರೆ ಬರುತ್ತದೆ. ನಾಲಿಗೆಯ ಮೇಲೆ ಸಕ್ಕರೆ ಬಂದು ಕೂರುವ ಜಾಗಕ್ಕೆ ಇದು ಮೊದಲೇ ಹೋಗಿ ಕೂತುಬಿಡುತ್ತದೆ, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಎಸೆದ ಹಾಗೆ. ಸಕ್ಕರೆ ಎಲ್ಲಿಯೂ ಹೋಗುವುದಿಲ್ಲ. ಕೂರಲು ಜಾಗ ಸಿಗದೆ ನಿಂತುಕೊಂಡೇ ಪ್ರಯಾಣ ಮಾಡುತ್ತದೆ, ಹೊಟ್ಟೆಗೆ ಇಳಿಯುತ್ತದೆ, ರಕ್ತಕ್ಕೂ ಸೇರುತ್ತದೆ. ಕರುಳಿನಲ್ಲೂ ಈ ಎಲೆ ಸಕ್ಕರೆಯನ್ನು ಸ್ವಲ್ಪ ತಡೆದೀತು, ಸಕ್ಕರೆ ರೋಗದವರಿಗೆ ಕೊಂಚ ಸಹಾಯವೂ ಆದೀತು ಎಂದು ಓದಿದವರು ಹೇಳುತ್ತಾರೆ. ಆದೀತು. ಗುಳಿಗೆಯ ಜೊತೆಗೆ ತಿಂದು ಸಕ್ಕರೆ ತೀರ ಇಳಿದು ತಲೆ ತಿರುಗಿ ಬಿದ್ದವರೂ ಇದ್ದಾರಂತೆ. ಆದರೆ ಗುಳಿಗೆ ಬಿಟ್ಟು ಇದನ್ನು ತಿನ್ನಿರಿ ಎಂದು ತಿಳಿದವರು ಯಾರೂ ಹೇಳುವುದಿಲ್ಲ. ನಾನು ಹೇಳಿದೆ. ಸುಳ್ಳೆಂದು ಗೊತ್ತಾದ ಮೇಲೂ ಹೇಳಿದೆ.

ನಾನು ಲಿಂಗಸುಗೂರಿನ ಒಂದು ಕಾಲೇಜಿನ ರಸಾಯನಶಾಸ್ತ್ರದ ಪ್ರಯೋಗಾಲಯದಲ್ಲಿ ಅಟೆಂಡರ್ ಆಗಿದ್ದವನು. ಓದಿದ್ದು ಎಸ್ಸೆಸ್ಸೆಲ್ಸಿ. ಮೂವತ್ತು ವರ್ಷ ಸೀಸೆ ತೊಳೆದೆ, ಬಾಟಲಿಗಳಿಗೆ ಚೀಟಿ ಅಂಟಿಸಿದೆ, ಹುಡುಗರು ಒಡೆದ ಗಾಜು ಗುಡಿಸಿದೆ. ಲೆಕ್ಚರರ್‌ಗಳು ಪಾಠ ಮಾಡುವಾಗ ಬಾಗಿಲ ಹಿಂದೆ ನಿಂತು ಕೇಳಿ ಕೇಳಿ ನನ್ನ ಬಾಯಿಗೂ ನಾಲ್ಕು ದೊಡ್ಡ ಮಾತು ಹತ್ತಿದ್ದವು. ಅದರಲ್ಲಿ ಅರ್ಧ ನನಗೆ ಅರ್ಥವಾಗಿತ್ತು, ಇನ್ನರ್ಧ ಅರ್ಥವಾಗಿದೆ ಎಂದು ತಿಳಿದುಕೊಂಡಿದ್ದೆ. ನಿವೃತ್ತಿಯಾಗಿ ನಮ್ಮ ಮಸ್ಕಿಗೆ ಬಂದಾಗ ಕಾಲೇಜಿನವರು ಬಿಸಾಕಿದ್ದ ಕೆಲವು ಗಾಜಿನ ನಳಿಕೆ, ಒಂದು ಇಕ್ಕಳ, ಒಂದು ಸ್ಪಿರಿಟ್ ದೀಪ ಚೀಲದಲ್ಲಿ ಹಾಕಿಕೊಂಡು ಬಂದಿದ್ದೆ. ಯಾಕೆ ತಂದೆ ಎಂದು ಯಾರಾದರೂ ಕೇಳಿದ್ದರೆ ಹೇಳಲು ಬರುತ್ತಿರಲಿಲ್ಲ. ಓಣಿಯಲ್ಲಿ ಜನ ನನ್ನನ್ನು ‘ಬಾಟ್ಲಿ ತೊಳೆಯಾವ’ ಎನ್ನುತ್ತಿದ್ದರು. ಅದು ಒಳಗೆ ಕೊರೆಯುತ್ತಿತ್ತು.

ಸಿಂಧನೂರಿನ ನರ್ಸರಿಯೊಂದರಲ್ಲಿ ಮಧುನಾಶಿನಿಯ ಸಸಿ ಸಿಕ್ಕಿತು. ತಂದು ಬೇಲಿಗೆ ಹಚ್ಚಿದೆ. ಎರಡು ಮಳೆಗಾಲದಲ್ಲಿ ಬೇಲಿ ಕಾಣದ ಹಾಗೆ ಹಬ್ಬಿತು. ಫೋನಿನಲ್ಲಿ ಗಡ್ಡ ಬಿಟ್ಟ ಒಬ್ಬ ಈ ಎಲೆಯ ಬಗ್ಗೆ ಮಾತಾಡುತ್ತಿದ್ದ. ಎದುರಿಗೆ ಕೂತವರೆಲ್ಲ ಸಕ್ಕರೆ ತಿಂದು ಮುಖ ಕಿವುಚುತ್ತಿದ್ದರು. ನಾನೂ ಮಾಡಿದೆ. ಮೊದಲು ಪಕ್ಕದ ಮನೆಯವರಿಗೆ, ಆಮೇಲೆ ಅವರ ಬೀಗರಿಗೆ. ತಿಂಗಳೊಳಗೆ ಬೆಳಿಗ್ಗೆ ಏಳಕ್ಕೆ ನಮ್ಮ ಕಟ್ಟೆಯ ಮುಂದೆ ಜನ. ನೆಲದ ಮೇಲೆ ಚಾಪೆ, ಸ್ಟೂಲಿನ ಮೇಲೆ ದೀಪ, ನಳಿಕೆ, ಸಕ್ಕರೆ ಡಬ್ಬಿ. ಯಾರಿಂದಲೂ ಏನೂ ತೆಗೆದುಕೊಳ್ಳಲಿಲ್ಲ. ಅದೊಂದನ್ನು ದೊಡ್ಡದಾಗಿ ಹೇಳಿಕೊಂಡು ತಿರುಗುತ್ತಿದ್ದೆ. ನನಗೆ ಬೇಕಾಗಿದ್ದು ‘ಸರ’ ಎಂಬ ಒಂದು ಮಾತು. ಅದು ಧಾರಾಳ ಸಿಕ್ಕಿತು.

ಎಂಥೆಂಥವರು ಬಂದರು! ಶಾಲೆ ಮಾಸ್ತರರು ಬಂದರು, ರೈಸ್ ಮಿಲ್ಲಿನವರು ಕಾರಿನಲ್ಲಿ ಬಂದರು. ಓದದವರು ಕೊನೆಗೆ ಒಂದು ಪ್ರಶ್ನೆಯನ್ನಾದರೂ ಕೇಳುತ್ತಿದ್ದರು. ಓದಿದವರು ತಲೆಯಾಡಿಸಿ, ‘ಎಲ್ಲಾ ನಮ್ಮ ಹಿರಿಯರಿಗೆ ಗೊತ್ತಿತ್ರಿ’ ಎಂದು ನನಗೇ ಹೇಳುತ್ತಿದ್ದರು. ಅವರ ಹಿರಿಯರಿಗೆ ಏನು ಗೊತ್ತಿತ್ತೋ, ಇವರಿಗಂತೂ ಏನೂ ಗೊತ್ತಿರಲಿಲ್ಲ. ಸಿಂಧನೂರಿನ ಹತ್ತಿರದ ನಿರಾಶ್ರಿತರ ವಸತಿ ಆರ್.ಎಚ್. ಕ್ಯಾಂಪಿನಿಂದ ಬಂದ ಬಂಗಾಲಿ ಮುದುಕನೊಬ್ಬ ಹಾಲು ಒಡೆಸಿ ಮನೆಯಲ್ಲೇ ಮಾಡಿದ ಛನ್ನಾದ ಮಿಠಾಯಿ ತಂದಿದ್ದ. ಎಲೆ ಅಗಿದು ಮಿಠಾಯಿ ಬಾಯಿಗಿಟ್ಟ. ಅವನ ಮುಖ ಇಳಿದುಹೋಯಿತು.

‘ಸರ, ಇದು ಔಷಧ ಅಲ್ಲ, ಶಿಕ್ಷೆ’ ಎಂದ. ಎಲ್ಲರೂ ನಕ್ಕರು. ಎದ್ದು ಹೋದವನು ಮತ್ತೆ ಬರಲಿಲ್ಲ. ಅಷ್ಟು ಜನರಲ್ಲಿ ಬುದ್ಧಿ ಇದ್ದವನು ಅವನೊಬ್ಬನೇ.

ನಾಲಿಗೆಯ ಆಟ ಆದ ಮೇಲೆ ನಳಿಕೆಯ ಆಟ. ಮೈಲುತುತ್ತ, ಸೋಡಾ ಮತ್ತು ನಿಂಬೆಹುಳಿಯಿಂದ ಬರುವ ಒಂದು ಉಪ್ಪು ಸೇರಿಸಿ ಮಾಡುವ ನೀಲಿ ದ್ರಾವಣ ಒಂದಿದೆ. ಹಿಂದೆ ದವಾಖಾನೆಗಳಲ್ಲಿ ಮೂತ್ರದ ಸಕ್ಕರೆ ನೋಡಲು ಅದನ್ನೇ ಬಳಸುತ್ತಿದ್ದರು. ಸಕ್ಕರೆ ಇದ್ದು ಕಾಯಿಸಿದರೆ ನೀಲಿ ಹೋಗಿ ಹಸಿರು, ಹಳದಿ, ಕೊನೆಗೆ ಇಟ್ಟಿಗೆಯ ಕೆಂಪು ಬರುತ್ತದೆ. ನಾನು ನಳಿಕೆಯಲ್ಲಿ ಡಬ್ಬಿಯ ಸಕ್ಕರೆ ಕರಗಿಸಿ, ಎಲೆಯ ನಾಲ್ಕು ಹನಿ ರಸ ಬಿಟ್ಟು, ನೀಲಿ ದ್ರಾವಣ ಹಾಕಿ ದೀಪದ ಮೇಲೆ ಹಿಡಿದೆ. ಕುದಿಯಿತು. ನೀಲಿಯೇ ಉಳಿಯಿತು.

‘ನೋಡ್ರಿ. ಸಕ್ಕರಿ ಇದ್ರ ಕೆಂಪ ಆಗಬೇಕಿತ್ತು. ಎಲ್ಲಿ ಹೋತು ಸಕ್ಕರಿ?’ ಎಂದೆ. ಎಲ್ಲರೂ ನಳಿಕೆಯ ಕಡೆ ಬಗ್ಗಿ ನೋಡಿದರು.

ಮೊದಲ ಸಲ ನಾನೂ ನಂಬಿದ್ದೆ, ಇದು ನಿಜ. ಹತ್ತು ಹದಿನೈದು ದಿನ ನಂಬಿದ್ದೆ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ, ಕೆಂಪು ಬರುವುದನ್ನೂ ತೋರಿಸಿದರೆ ಇನ್ನೂ ಚೆನ್ನ ಎಂದುಕೊಂಡು, ಎಲೆಯ ರಸ ಹಾಕದೆ ಬರೀ ಸಕ್ಕರೆ ನೀರನ್ನು ಕಾಯಿಸಿದೆ. ನೀಲಿಯೇ ಉಳಿಯಿತು. ಇನ್ನೊಂದು ನಳಿಕೆ ತೊಳೆದು ಕಾಯಿಸಿದೆ. ಅದೂ ನೀಲಿ. ಆಗ ನೆನಪಾಯಿತು. ಪ್ರತಿ ವರ್ಷ ಲೆಕ್ಚರರ್‌ಗಳು ಹುಡುಗರಿಗೆ ಹೇಳುತ್ತಿದ್ದ ಪಾಠ: ಅಡಿಗೆಮನೆಯ ಸಕ್ಕರೆ ಈ ದ್ರಾವಣವನ್ನು ಕೆಂಪು ಮಾಡುವುದಿಲ್ಲ, ಗ್ಲೂಕೋಸ್ ಮಾಡುತ್ತದೆ. ರಕ್ತದಲ್ಲಿ, ಮೂತ್ರದಲ್ಲಿ ಇರುವುದು ಗ್ಲೂಕೋಸ್. ಅವೆರಡರ ಬಾಟಲಿಗಳು ಅದಲುಬದಲಾಗಬಾರದೆಂದು ಬೇರೆ ಬೇರೆ ಹಲಗೆಯ ಮೇಲೆ ಇಡುತ್ತಿದ್ದವನು ನಾನೇ. ಅಂಗಡಿಗೆ ಹೋಗಿ ಗ್ಲೂಕೋಸ್ ಪುಡಿ ತಂದೆ. ನೀರಿಗೆ ಹಾಕಿ, ನಾಲ್ಕಲ್ಲ ಹತ್ತು ಹನಿ ಎಲೆಯ ರಸ ಬಿಟ್ಟು ಕಾಯಿಸಿದೆ. ನೋಡ ನೋಡುತ್ತ ಕೆಂಪಾಯಿತು. ಎಲೆ ನಳಿಕೆಯಲ್ಲಿ ಏನನ್ನೂ ಮಾಡಿರಲಿಲ್ಲ. ಆ ನೀಲಿ ಬಣ್ಣಕ್ಕೂ ಎಲೆಗೂ ಸಂಬಂಧವೇ ಇರಲಿಲ್ಲ.

ಕೆಂಪು ನೀರನ್ನು ಬಚ್ಚಲಿಗೆ ಚೆಲ್ಲಿ ನಳಿಕೆ ತೊಳೆದಿಟ್ಟೆ. ಮರುದಿನ ಬೆಳಿಗ್ಗೆ ಹನ್ನೆರಡು ಜನ ಬಂದಿದ್ದರು. ಅವರಿಗೆ ನೀಲಿ ತೋರಿಸಿದೆ. ಆಮೇಲೆ ನಾಲ್ಕು ವರ್ಷ ತೋರಿಸಿದೆ.

ರೋಗ ಕಡಿಮೆಯಾಗಲಿಲ್ಲ ಎಂದು ಬಂದವರಿಗೆ ಏನು ಹೇಳುತ್ತಿದ್ದೆ? ಪಥ್ಯ, ಕೆಲವರ ಬಾಯಲ್ಲಿ ಪರೇಜ. ಎಲೆ ಕೊಡುವವರೆಲ್ಲರ ಕೈಯಲ್ಲಿ ಇರುವ ಆಯುಧ ಅದು. ಬದನೆಕಾಯಿ ಬಾರದು, ಹುಣಸೆಹುಳಿ ಬಾರದು, ಅಕ್ಕಿ ಬಾರದು, ಬಾಳೆಹಣ್ಣು, ಖರ್ಜೂರ, ತಂಗಳು ಬಾರದು, ಬೇರೆಯವರ ಮನೆಯ ಚಹಾ ಬಾರದು, ದಿನ ಮುಳುಗಿದ ಮೇಲೆ ಮೊಸರು ಬಾರದು. ಮನುಷ್ಯನಾದವನು ನಡೆಸಲಾರದಷ್ಟು ಉದ್ದದ ಪಥ್ಯ ಹೇಳಬೇಕು. ಆಮೇಲೆ ಏನೇ ಕೆಟ್ಟರೂ ‘ಏನ ತಿಂದಿ?’ ಎಂದು ಒಂದು ಪ್ರಶ್ನೆ ಕೇಳಿದರೆ ಸಾಕು. ಎದುರಿಗಿದ್ದವನು ತಾನೇ ತಲೆ ತಗ್ಗಿಸಿ, ‘ಅಮಾಸಿ ದಿನ ಒಂದು ಹೋಳಿಗಿ ತಿಂದೆ ನೋಡ್ರಿ’ ಎನ್ನುತ್ತಾನೆ. ತಪ್ಪು ಅವನದು, ಎಲೆ ಪವಿತ್ರ. ಇಷ್ಟು ಹೇಸಿಗೆಯ ಯುಕ್ತಿಯನ್ನು ಯಾರೂ ನನಗೆ ಕಲಿಸಲಿಲ್ಲ. ತಾನಾಗಿಯೇ ಬಂತು.

ನನಗೆ ಒಬ್ಬ ಗೆಳೆಯ. ಚಿಕ್ಕಂದಿನಿಂದ ಒಂದೇ ಬೆಂಚಿನಲ್ಲಿ ಕೂತವರು. ಅವನು ಟೇಲರ್, ಅಂಗಡಿ, ಮನೆ ಎಲ್ಲ ಒಂದೇ ಕಡೆ, ಮಸೀದಿಯ ಹಿಂದಿನ ಗಲ್ಲಿಯಲ್ಲಿ. ಶಾಲೆಯ ಯೂನಿಫಾರ್ಮು, ಬ್ಲೌಸು ಹೊಲಿಯುತ್ತಾನೆ. ಮನೆಯಲ್ಲಿ ದಖನಿ ಉರ್ದು, ನನ್ನ ಜೊತೆ ಕನ್ನಡ, ಮಷೀನಿನ ಜೊತೆ ಬೈಗುಳ. ಅವನಿಗೂ ಸಕ್ಕರೆ ರೋಗ. ಒಂದು ಬೆಳಿಗ್ಗೆ ಕುತೂಹಲಕ್ಕೆ ಬಂದು ಹಿಂದೆ ನಿಂತ. ಎಲೆ ಅಗಿದ, ಸಕ್ಕರೆ ತಿಂದ, ನಕ್ಕ.

‘ಲೇ, ಮೂಗ ಮುಚ್ಕೊಂಡ್ರ ಗಟಾರ ಸ್ವಚ್ಛ ಆಗತೈತೇನ? ನಾಲಿಗಿಗೆ ತಿಳೀಲಿಲ್ಲಂದ್ರ ರಕ್ತಕ್ಕ ತಿಳಿಯಂಗಿಲ್ಲೇನ?’

ಅಷ್ಟು ಜನರ ಮುಂದೆ ಅಂದ. ಮೂರನೆಯ ಇಯತ್ತೆಯಲ್ಲಿ ಕಲಿಕೆ ಬಿಟ್ಟವನು ಸರಿಯಾದ ಪ್ರಶ್ನೆ ಕೇಳಿಬಿಟ್ಟಿದ್ದ. ನನ್ನ ಮುಖ ಬಿಸಿಯಾಯಿತು. ಹೌದು ಅಂದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ನಾನು ದೀಪ ಹಚ್ಚಿದೆ.

ನಳಿಕೆಯನ್ನು ಅವನ ಕೈಗೇ ಕೊಟ್ಟು ಕಾಯಿಸಲು ಹೇಳಿದೆ. ನೀಲಿ ಕದಲಲಿಲ್ಲ. ಅವನು ಬಹಳ ಹೊತ್ತು ಬೆಳಕಿಗೆ ಹಿಡಿದು ನೋಡಿದ.

‘ಇದಕ್ಕ ನಾ ಏನ ಹೇಳ್ಲಿ ದೋಸ್ತ. ಮೂವತ್ತು ವರ್ಷ ಬರೇ ಬಾಟ್ಲಿ ತೊಳದೀದಿ ಅಂತ ತಿಳ್ಕೊಂಡಿದ್ದೆ. ನೀ ಕಲ್ತ ಬಂದೀದಿ.’

ಆ ವಾರವೇ ಗುಳಿಗೆ ಬಿಟ್ಟ. ನನ್ನನ್ನು ಕೇಳಿಯೇ ಬಿಟ್ಟ. ‘ಎರಡೂ ಕೂಡಿ ತಗೋಬ್ಯಾಡ, ಎಲಿ ಕೆಲಸ ಮಾಡಂಗಿಲ್ಲ’ ಎಂದಿದ್ದೆ.

ವರ್ಷದೊಳಗೆ ಹೊಸ ಚಪ್ಪಲಿಯ ಉಂಗುಟ ಕಚ್ಚಿ ಬಲಗಾಲಿನ ಹೆಬ್ಬೆರಳಿಗೆ ಗುಳ್ಳೆಯಾಯಿತು. ಕಾಲು ಜೋಮು ಹಿಡಿದಿದ್ದರಿಂದ ಅವನಿಗೆ ನೋವೇ ತಿಳಿಯಲಿಲ್ಲ. ದಿನವಿಡೀ ಅದೇ ಕಾಲಿನಿಂದ ಮಷೀನು ತುಳಿದ. ವಾಸನೆ ಬಂದದ್ದು ಅವನ ಹೆಂಡತಿಗೆ. ರಾಯಚೂರಿಗೆ ಒಯ್ದರು. ಮೊದಲು ಎರಡು ಬೆರಳು ತೆಗೆದರು, ಆಮೇಲೆ ಮುಂಗಾಲನ್ನೇ ತೆಗೆದರು.

ನಾನು ನೋಡಲು ಹೋದೆ. ಒಂದು ಡಜನ್ ಮೋಸಂಬಿ ತೆಗೆದುಕೊಂಡು ಹೋಗಿದ್ದೆ. ಸ್ಟೂಲ್ ಎಳೆದು ಕೂತು, ಕಟ್ಟಿದ ಕಾಲು ನೋಡಿ, ಬಾಯಿಗೆ ಬಂದದ್ದು ಅದೇ ಪ್ರಶ್ನೆ.

‘ಏನ ತಿಂದಿ?’

ಅವನು ಹೆಂಡತಿಯ ಕಡೆ ನೋಡಿ ದನಿ ಇಳಿಸಿದ. ‘ರಂಜಾನಿನ್ಯಾಗ ರೋಜಾ ಬಿಡೂಮುಂದ ಎರಡು ಖರ್ಜೂರ ತಿಂದೀನಿ. ಒಂದೇ ದಿನ. ಪರೇಜ ಮುರದೆ.’

‘ಅದೇ’ ಎಂದೆ ನಾನು.

ಎರಡೇ ಅಕ್ಷರ. ನಾನು ಬದುಕಿನಲ್ಲಿ ಆಡಿದ ಮಾತುಗಳಲ್ಲಿ ಇದಕ್ಕಿಂತ ನೀಚವಾದದ್ದು ಇಲ್ಲ. ಅವನ ಕಾಲು ಹೋದದ್ದು ನನ್ನ ಸುಳ್ಳಿನಿಂದ. ಆ ಸುಳ್ಳಿಗೆ ಅವನಿಂದಲೇ ತಪ್ಪು ಒಪ್ಪಿಸಿಕೊಂಡು ಎದ್ದು ಬಂದೆ.

ಊರಿಗೆ ಬಂದು ಮಷೀನಿಗೆ ಮೋಟಾರು ಹಾಕಿಸಿದ. ದವಾಖಾನೆಯವರು ಗುಳಿಗೆ ಶುರು ಮಾಡಿದ್ದರು. ಅದನ್ನು ನುಂಗುತ್ತಿದ್ದ, ಆದರೆ ನಾಚಿಕೆಯಿಂದ, ಪರೀಕ್ಷೆಯಲ್ಲಿ ಫೇಲಾದವನ ಹಾಗೆ. ಬಟ್ಟೆ ಅಳತೆ ಕೊಡಲು ಬಂದವರಿಗೆಲ್ಲ ತನ್ನ ಕಾಲು ತೋರಿಸಿ, ‘ಎಲಿ ಖರೇ ಐತ್ರಿ, ನಾನೇ ಪರೇಜ ಕೆಡಿಸಿದೆ. ನೀವು ಕೆಡಿಸಬ್ಯಾಡ್ರಿ’ ಎಂದು ಹೇಳಿ ನನ್ನ ಕಟ್ಟೆಗೆ ಕಳಿಸುತ್ತಿದ್ದ. ಸಂತೆಕಲ್ಲೂರಿನ ತನ್ನ ಸೋದರತ್ತೆಯ ಮನೆಯವರನ್ನೂ ಕಳಿಸಿದ. ಕಾಲು ಕಳೆದುಕೊಂಡವನ ಮಾತಿಗೆ ತೂಕ ಹೆಚ್ಚು. ಮೂರು ವರ್ಷ ಹೀಗೆ ನಡೆಯಿತು. ನಾನು ನಡೆಯಲು ಬಿಟ್ಟೆ.

ಹೋದ ಬೇಸಿಗೆಯಲ್ಲಿ ಅವನ ಹೆಂಡತಿಗೆ ಕಣ್ಣು ಮಂಜಾಯಿತು. ಗುಂಡಿಗೆ ಕಾಜಾ ಮಾಡುವಾಗ ಸೂಜಿಗೆ ದಾರ ಏರಿಸಲು ಬರದಾಯಿತು. ಸಿಂಧನೂರಿನ ಡಾಕ್ಟರು ರಕ್ತ ನೋಡಿ, ಸಕ್ಕರೆ ಬಹಳ ಏರಿದೆ, ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳದಿದ್ದರೆ ಕಣ್ಣು ಉಳಿಯುವುದಿಲ್ಲ ಎಂದರು. ಮರುದಿನ ಗೆಳೆಯ ಕೋಲೂರಿಕೊಂಡು ನಮ್ಮ ಮನೆಗೆ ಬಂದ, ಮುಖ ಅರಳಿಸಿಕೊಂಡು.

‘ಶುಕ್ರವಾರ ನಮಾಜ್ ಮುಗಿಸಿ ಆಕಿನ್ನ ಕರಕೊಂಡ ಬರ್ತೀನಿ. ಅವತ್ತಿನಿಂದ ಸೂಜಿ ಬಂದ್. ಪರೇಜ ನಾ ಮುಂದ ಕುಂತು ಮಾಡಿಸ್ತೀನಿ. ನಾ ಮಾಡಿದ ತಪ್ಪು ಆಕಿಗೆ ಮಾಡಗೊಡಂಗಿಲ್ಲ.’

ಆಯಿತು ಎಂದೆ. ಹೌದು, ಆಗಲೂ ಆಯಿತು ಎಂದೆ. ಅದು ಮಂಗಳವಾರ. ಬುಧವಾರ ಇಡೀ ದಿನ, ಎಲೆಯ ಜೊತೆ ಸೂಜಿಯನ್ನೂ ಮುಂದುವರಿಸು ಎಂದು ಹೇಳಿ ಹೇಗೆ ಪಾರಾಗಬಹುದು ಎಂದು ಲೆಕ್ಕ ಹಾಕಿದೆ. ಆಗಲೂ ನನಗೆ ಆಕೆಯ ಕಣ್ಣಿಗಿಂತ ನನ್ನ ಹೆಸರಿನ ಚಿಂತೆ. ಆದರೆ ನಾನು ಹಾಗೆ ಹೇಳಿದರೂ ಅವನು ಸೂಜಿ ನಿಲ್ಲಿಸುತ್ತಾನೆ. ನಾಲ್ಕು ವರ್ಷ ನಾನೇ ಅವನಿಗೆ ಕಲಿಸಿದ್ದು ಅದು. ಗುರುವಾರ ಬೆಳಿಗ್ಗೆ ಅವರ ಮನೆಗೆ ಹೋದೆ.

ಅವನು ಯೂನಿಫಾರ್ಮಿನ ಚಡ್ಡಿ ಹೊಲಿಯುತ್ತಿದ್ದ. ಅವನ ಹೆಂಡತಿ, ನಾನು ಭಾಭಿ ಎನ್ನುವವರು, ಹೊಸ್ತಿಲ ಬಳಿ ಕಾಯಿಪಲ್ಯ ಹೆಚ್ಚುತ್ತಿದ್ದರು. ನಿಂತುಕೊಂಡೇ ಹೇಳಿದೆ. ನಳಿಕೆಯದು ಮೋಸ, ಎರಡು ಜಾತಿಯ ಸಕ್ಕರೆ ಇರುತ್ತದೆ, ಎಲೆ ಹಾಕದಿದ್ದರೂ ಅದು ನೀಲಿಯೇ ಇರುತ್ತಿತ್ತು, ನಿನಗೆ ತೋರಿಸಿದಾಗ ನನಗೆ ಅದು ಗೊತ್ತಿತ್ತು ಎಂದೆ.

ಅವನು ನಕ್ಕ. ‘ಕುಂದರು. ಚಾ ಕುಡಿ.’

‘ಖರೇನ ಹೇಳಾಕತ್ತೀನಿ.’

‘ಗೊತ್ತೈತಿ ಬಿಡಲೇ. ನನ್ನ ಕಾಲು ನೋಡಿ ನಿನಗ ತಡಕೊಳ್ಳಾಕ ಆಗವಲ್ದು. ನನ್ನ ತಪ್ಪು ನಿನ್ನ ತಲಿಮ್ಯಾಲ ಹೊತ್ಕೊಳ್ಳಾಕ ಬಂದೀದಿ. ಅಷ್ಟ ದೊಡ್ಡ ಮನುಷ್ಯ ಆಗಬ್ಯಾಡ.’

ನನ್ನ ತಪ್ಪೊಪ್ಪಿಗೆಯನ್ನೂ ಅವನು ನನ್ನ ಒಳ್ಳೆಯತನದ ಖಾತೆಗೆ ಹಾಕಿದ. ನಾನು ಎಷ್ಟು ಬಿಡಿಸಿ ಹೇಳಿದರೂ ತಲೆಯಾಡಿಸಿ ನಗುತ್ತಿದ್ದ. ನಗದಿದ್ದವರು ಭಾಭಿ. ಈಳಿಗೆ ಬದಿಗಿಟ್ಟು, ಸೆರಗಿಗೆ ಕೈ ಒರೆಸಿಕೊಂಡರು.

‘ಅಣ್ಣಾರ, ನಿಮಗೂ ಸಕ್ಕರಿ ಐತಂತ ನಿಮ್ಮ ಮನಿಯಾಕಿ ಒಮ್ಮೆ ಅಂದಿದ್ಳು.’

‘ಐತಿ.’

‘ನೀವು ಎಲಿ ತಿಂತೀರೋ, ಗುಳಿಗಿ ನುಂಗತೀರೋ?’

ನಾಲ್ಕು ವರ್ಷದಲ್ಲಿ ಕಟ್ಟೆಗೆ ಬಂದ ಒಬ್ಬ ಮಾಸ್ತರನೂ, ಒಬ್ಬ ಮಿಲ್ಲಿನವನೂ ಈ ಪ್ರಶ್ನೆ ಕೇಳಿರಲಿಲ್ಲ.

‘ಗುಳಿಗಿ’ ಎಂದೆ.

‘ಒಂದ ದಿನಾನೂ ಬಿಟ್ಟಿಲ್ಲ?’

‘ಇಲ್ಲ ಭಾಭಿ.’

ಮಷೀನು ನಿಂತಿತು. ಗೆಳೆಯ ಚಡ್ಡಿಯ ಬಟ್ಟೆಯನ್ನು ಸೂಜಿಯ ಕೆಳಗಿಂದ ಎಳೆಯಲು ಹೋಗಿ ಎಳೆಯಲಾರದೆ ಕೈಬಿಟ್ಟ.

‘ನಾ ಖರ್ಜೂರ ತಿಂದೆ ಅಂದಾಗ ನೀ ಅದೇ ಅಂದಿ.’

‘ಅಂದೆ.’

‘ಎರಡು ಖರ್ಜೂರ ಲೇ. ಎರಡು ಖರ್ಜೂರಕ್ಕ ಮೂರು ವರ್ಷ ನಾ ಅಲ್ಲಾನ ಮುಂದೂ ಈಕಿ ಮುಂದೂ ತಲಿ ಎತ್ತಿಲ್ಲ.’

ನನಗೆ ಅಳು ಬಂತು. ಭಾಭಿ ಕೈ ಅಡ್ಡ ಹಿಡಿದರು. ‘ಇಲ್ಲಿ ಅಳಬ್ಯಾಡ್ರಿ. ಅಳೋದಿದ್ರ ಮನಿಗೆ ಹೋಗಿ ಅಳ್ರಿ. ಸೂಜಿ ನಾ ಬಿಡಂಗಿಲ್ಲ, ಅದು ಮುಗೀತು. ಇನ್ನ ಎಷ್ಟ ಮಂದಿಗೆ ಗುಳಿಗಿ ಬಿಡಿಸೀರಿ, ಅದನ್ನ ಹೇಳ್ರಿ.’

ನನಗೆ ಗೊತ್ತಿರಲಿಲ್ಲ. ಬಂದವರ ಮುಖವನ್ನೂ ನಾನು ಸರಿಯಾಗಿ ನೋಡಿರಲಿಲ್ಲ. ಅವರ ಕಣ್ಣಲ್ಲಿ ನನ್ನನ್ನಷ್ಟೇ ನೋಡಿಕೊಂಡಿದ್ದೆ. ಆದರೆ ಗೆಳೆಯನಿಗೆ ತಾನು ಕಳಿಸಿದವರು ಯಾರ‍್ಯಾರು ಎಂದು ನೆನಪಿತ್ತು. ಬೆರಳು ಮಡಚಿ ಎಣಿಸುತ್ತ ಹೋದ. ಎರಡು ಕೈ ಸಾಲಲಿಲ್ಲ. ಅವನ ಮುಖ ಆಗ ಆದ ಹಾಗೆ ಆಸ್ಪತ್ರೆಯಲ್ಲೂ ಆಗಿರಲಿಲ್ಲ. ಕೋಲು ತೆಗೆದುಕೊಂಡು ಎದ್ದ.

‘ನಾನೂ ಬರ್ತೀನಿ’ ಎಂದೆ.

‘ನೀ ಬರಬ್ಯಾಡ. ನಿನ್ನ ಮುಖ ನೋಡಿದ್ರ ಮತ್ತ ನಂಬತಾರ ಅವರು. ನಿನ್ನ ಮಂದಿ ನೀ ನೋಡ್ಕೋ.’

ಆದರೂ ಸ್ವಲ್ಪ ದೂರ ಬಿಟ್ಟು ಅವನ ಹಿಂದೆ ಹೋದೆ. ಬಸ್ ಸ್ಟ್ಯಾಂಡಿನ ಹತ್ತಿರ ಸಂತೆಕಲ್ಲೂರಿನ ಆಟೋದಲ್ಲಿ ಹಿಂದಿನ ಸೀಟಿನ ಅಂಚಿಗೆ ಕೂತ. ನನ್ನ ಕಡೆ ತಿರುಗಲಿಲ್ಲ. ಅವತ್ತಿನಿಂದ ಇವತ್ತಿನವರೆಗೂ ತಿರುಗಿಲ್ಲ. ತಿರುಗಬೇಕು ಎಂದು ಕೇಳುವ ಮುಖ ನನಗಿಲ್ಲ.

ನಾನು ಅವರಿವರನ್ನು ಕೇಳಿ ಕೇಳಿ ನನ್ನ ಮಂದಿಯನ್ನು ಹುಡುಕುತ್ತ ತಿರುಗಿದೆ. ಬಹಳ ಮಂದಿ ನಂಬಲಿಲ್ಲ. ಮಾಸ್ತರೊಬ್ಬರು, ‘ಔಷಧ ಕಂಪನಿಯವರು ನಿಮ್ಮನ್ನ ಹೆದರಿಸ್ಯಾರೇನ್ರಿ ಸರ?’ ಎಂದು ಕಣ್ಣು ಮಿಟುಕಿಸಿದರು. ಸುಳ್ಳು ಹೇಳಿದಾಗ ಹತ್ತು ನಿಮಿಷದಲ್ಲಿ ನಂಬಿದ್ದವರು, ನಿಜ ಹೇಳಿದಾಗ ನನಗೆ ತಲೆ ಕೆಟ್ಟಿದೆ ಎಂದರು. ಅವರನ್ನು ತಿರಸ್ಕಾರದಿಂದ ನೋಡುವ ಹಕ್ಕು ನನಗಿಲ್ಲ, ಆದರೂ ನೋಡುತ್ತೇನೆ. ಆ ಚಟ ಹೋಗಿಲ್ಲ.

ಗುರುಗುಂಟಾದಲ್ಲಿ ಕುರಿ ಸಾಕಿದ ಒಬ್ಬ ಮುದುಕಿ ಇದ್ದಳು. ಗುಳಿಗೆ ಬಿಟ್ಟು ಎರಡು ವರ್ಷವಾಗಿತ್ತು. ನಾನು ಹೇಳಿದ್ದನ್ನೆಲ್ಲ ಕುರಿಹಟ್ಟಿಯ ಗೋಡೆಗೆ ಒರಗಿ ಕೇಳಿದಳು. ಕೇಳಿ, ‘ಹಂಗಾರ ಈಗ ಯಾವ ಎಲಿ ತಿನ್ನಲಿ?’ ಎಂದಳು.

‘ಯಾವ ಎಲೀನೂ ಬ್ಯಾಡಬೇ ಯಮ್ಮಾ. ದವಾಖಾನಿಗೆ ನಡಿ.’

‘ಎರಡು ವರ್ಷ ಬೇವಿನಕಿಂತ ಕೆಟ್ಟ ಎಲಿ ತಿನ್ನಿಸಿ ಈಗ ಬಂದು ಬ್ಯಾಡ ಅಂತಿಯೇನಲೇ ಭಾಡ್ಯಾ?’

ಒಳಗಿಂದ ಹಳೆಯ ಗುಳಿಗೆಯ ಚೀಲ ತಂದಳು. ತಾರೀಖು ಎಂದೋ ಮುಗಿದಿತ್ತು. ಅವಳ ಹಿಮ್ಮಡಿಯಲ್ಲಿ ಒಂದು ಬಿರುಕಿತ್ತು, ಅಂಚು ಕಪ್ಪಗಾಗಿತ್ತು. ನೋಯುತ್ತದೆಯೇ ಎಂದು ಕೇಳಿದೆ. ಏನೂ ತಿಳಿಯುವುದಿಲ್ಲ ಎಂದಳು.

ಬಸ್ಸು ಬರುವವರೆಗೂ ಬೈದಳು. ಸೊಸೆಯನ್ನು ಕೂಗಿ ಮರಿಗಳಿಗೆ ನೀರು ಕುಡಿಸಲು ಹೇಳಿ, ಮತ್ತೆ ನನ್ನ ಕಡೆ ತಿರುಗಿ ಬೈದಳು. ಲಿಂಗಸುಗೂರಿನ ದವಾಖಾನೆಯಲ್ಲಿ ಚೀಟಿ ಕೊಡುವುದು ಒಂದು ಗಂಟೆಯವರೆಗೆ ಮಾತ್ರ. ಬೈದದ್ದು ಸಾಕು ಬೇಗ ನಡೆ ಎನ್ನಲು ನನಗೆ ಬಾಯಿ ಇರಲಿಲ್ಲ. ಅವಳ ತೋಳು ಹಿಡಿದು, ಆ ಕಾಲು ಕಲ್ಲಿಗೆ ತಾಗದ ಹಾಗೆ ನೋಡಿಕೊಂಡು ಬಸ್ಸು ಹತ್ತಿಸಿದೆ.